ಸೋಮಾರಿ ದಿಣ್ಣೆ

ಹೆತ್ತವರು ಅವನಿಗೆ ಏನೋ ಒಂದು ಹೆಸರು ಇಟ್ಟಿರಲೇಬೇಕು. ಊರಿಗೆ ಅದು ಬೇಕಾಗಿರಲಿಲ್ಲ, ಕೋಲಪ್ಪ ಎಂದರೆ ಸಾಕಿತ್ತು. ಆಳಿಗಿಂತ ಉದ್ದದ ಅಳತೆಕೋಲನ್ನು ಹೊತ್ತು ತಿರುಗಿ ತಿರುಗಿ ಅವನ ಎಡಹೆಗಲು ಬಲಹೆಗಲಿಗಿಂತ ತಗ್ಗಿಹೋಗಿತ್ತು. ಬೀದಿಯ ಮೂಲೆಯಲ್ಲಿ ಮೊದಲು ಕೋಲಿನ ತುದಿ ಕಾಣಿಸುತ್ತಿತ್ತು, ಎಷ್ಟೋ ಹೊತ್ತಿನ ಮೇಲೆ ಮನುಷ್ಯ ಬರುತ್ತಿದ್ದ. ಬಾಗಿಲು ಹೊಗುವಾಗ ಕೋಲನ್ನು ಓರೆ ಮಾಡಿ, ತಾನೂ ಓರೆಯಾಗಿ ಒಳಗೆ ಬರುವ ಅಭ್ಯಾಸ. ಕೋಲಿಲ್ಲದ ದಿನವೂ ಓರೆಯಾಗಿಯೇ ಬರುತ್ತಿದ್ದ.

ಹೊಲ ಪಾಲು ಮಾಡಲು, ಮರ ಕೊಯ್ಯಲು, ಬಾವಿ ತೋಡಲು, ಕೊನೆಗೆ ಸತ್ತವರಿಗೆ ಗುಂಡಿ ತೆಗೆಯಲು, ಎಲ್ಲದಕ್ಕೂ ಅವನೇ ಬರಬೇಕು. ‘ಸುಮಾರು’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಅವನ ಹೆಂಡತಿ ಬಾವಿಯ ಹತ್ತಿರ ನಿಂತು ನಗಾಡುತ್ತಿದ್ದಳು: “ನಮ್ಮನೆಯವರಿಗೆ ರೊಟ್ಟಿ ದುಂಡಗಿದ್ರೆ ಸಾಲ್ದು ಕಣ್ರೇ, ಕೋಲಿಟ್ಟು ನೋಡಿದಾಗ್ಲೂ ದುಂಡಗಿರ್ಬೇಕು.”

ನಮ್ಮಪ್ಪನಿಗೂ ಅವನಿಗೂ ಒಳ್ಳೆಯ ಸ್ನೇಹ. ಅಪ್ಪ ಗಿರಣಿಗೆ ಮೂಟೆ ಹೊರುವ ಕೆಲಸದವನು. ನೋಡಲು ಕಡ್ಡಿಯ ಹಾಗಿದ್ದ, ಆದರೆ ಗಾಡಿಯಿಂದ ಗಿರಣಿಯ ಮೆಟ್ಟಿಲು ಹತ್ತುವಾಗ ಹೆಗಲ ಮೇಲೆ ಒಂದು ಮೂಟೆ, ಬಾಯಲ್ಲಿ ಒಂದು ಮಾತು, ಎರಡೂ ಇರುತ್ತಿದ್ದವು. ಅಮ್ಮ ಕೋಲಪ್ಪನನ್ನು ಆಗ ಅಣ್ಣ ಎಂದೇ ಕರೆಯುತ್ತಿದ್ದಳು. ನಾನು ನೋಡನೋಡುತ್ತಲೇ ಆ ಅಣ್ಣ ಹೋಗಿ ‘ಏನಯ್ಯಾ’ ಆದದ್ದು ಯುದ್ಧ ಬಂದ ವರ್ಷ.

ನಮ್ಮ ಊರಿನಲ್ಲಿ ಒಂದು ಗುಂಡೂ ಹಾರಲಿಲ್ಲ. ಆದರೂ ಯುದ್ಧ ನಮ್ಮ ಹೊಲದಂಚಿನಲ್ಲಿ ತನ್ನ ಗುರುತು ಬಿಟ್ಟು ಹೋಗಿದೆ. ಬೇಸಿಗೆಯಲ್ಲಿ ಗಿರಣಿಯ ಮಹಡಿ ಹತ್ತಿ ನೋಡಿದರೆ ಈಗಲೂ ಕಾಣುತ್ತದೆ: ಸುತ್ತ ಒಣಗಿದ ಹುಲ್ಲು, ನಡುವೆ ಒಂದು ಹಸಿರು ಪಟ್ಟೆ ಉದ್ದಕ್ಕೂ ಹೋಗಿ, ಕಲ್ಲುಗುಡ್ಡದ ಹತ್ತಿರ ಮೊಣಕೈ ಮಡಚಿದ ಹಾಗೆ ತಿರುಗಿ, ಹೊಳೆಗೆ ಇಳಿಯುತ್ತದೆ. ಅದೇ ಕಂದಕ. ಈಗ ಅದರ ದಂಡೆಗಳು ಕುಸಿದು, ಆಡುಗಳು ಇಳಿದು ಮೇಯುವಷ್ಟು ಇಳಿಜಾರಾಗಿವೆ. ಶತ್ರುಗಳ ಟ್ಯಾಂಕುಗಳು ದಾಟಬಾರದು ಎಂದು ಸೈನ್ಯದವರು ಅಗೆಸಿದ್ದು. ಅಗೆಸಿದ್ದು ಅವರು, ಅಗೆದವರು ನಾವು.

ಮನೆಗೊಂದು ತುಂಡು ಎಂದು ಹುಕುಂ ಆಯಿತು. ಬೀದಿಯಲ್ಲಿ ಮನೆಗಳು ಯಾವ ಸಾಲಿನಲ್ಲಿವೆಯೋ ಅದೇ ಸಾಲಿನಲ್ಲಿ ತುಂಡುಗಳು. ಗಿರಣಿಯವನ ಮನೆ ಆದ ಮೇಲೆ ನಮ್ಮ ಮನೆ, ಹಾಗಾಗಿ ಅವನ ತುಂಡಿನ ಪಕ್ಕದಲ್ಲಿ ನಮ್ಮ ತುಂಡು. ಅಳೆದು ಕೊಡಲು ಕೋಲಪ್ಪನನ್ನು ಕರೆಸಿದರು. ಉಸ್ತುವಾರಿಗೆ ಒಬ್ಬ ಅಧಿಕಾರಿ ಬಂದಿದ್ದ. ಅವನ ಮುಖ ನನಗೆ ನೆನಪಿಲ್ಲ, ಬೂಟು ನೆನಪಿದೆ. ಆಚೆ ಅಂಚಿನಲ್ಲಿ ಸಿಪಾಯಿಗಳು ಮುಳ್ಳುತಂತಿ ಎಳೆಯುತ್ತಿದ್ದುದರಿಂದ ಊರಿನವರು ಅತ್ತ ಕಾಲಿಡುವಂತಿರಲಿಲ್ಲ. ಕೋಲಪ್ಪ ಊರ ಕಡೆಯ ಅಂಚಿನಲ್ಲಿ ಕೋಲಿಡುತ್ತ ಹೋದ, ಹಿಂದೆಯೇ ಗೂಟ ಹೊಡೆದರು, ಗೂಟದ ಬುಡಕ್ಕೆ ಗುರುತಿನ ಕಲ್ಲಿಟ್ಟರು. ಮುಗಿಯಿತು.

ಮುಗಿಯಲಿಲ್ಲ, ಸಂಶಯ ಶುರುವಾಯಿತು. ಜನ ತಮ್ಮ ತುಂಡು ಅಗೆಯುವುದಕ್ಕಿಂತ ಪಕ್ಕದವರ ತುಂಡನ್ನು ಕಣ್ಣಿನಲ್ಲಿ ಅಳೆಯುವುದೇ ಹೆಚ್ಚಾಯಿತು. ಒಬ್ಬನಿಗೆ ಮೆತ್ತನೆಯ ಮಣ್ಣು ಸಿಕ್ಕರೆ, ಅವನು ಕೋಲಪ್ಪನಿಗೆ ಏನು ಕೊಟ್ಟ ಎಂದು ಗುಸುಗುಸು. ಇನ್ನೊಬ್ಬನಿಗೆ ಬಂಡೆ ಸಿಕ್ಕರೆ, ಕೋಲಪ್ಪನಿಗೂ ಅವನಿಗೂ ಯಾವಾಗ ಜಗಳವಾಗಿತ್ತು ಎಂದು ಲೆಕ್ಕ. ಬೆಳಿಗ್ಗೆ ಗುದ್ದಲಿ ಹಿಡಿದು ಹೊರಡುವವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ಬುಟ್ಟಿಯ ತೂತು ನೋಡುತ್ತ ನಡೆಯುತ್ತಿದ್ದರು.

ನಮ್ಮ ತುಂಡು ಸರಿಯಾಗಿ ಆ ಮೊಣಕೈಯಲ್ಲಿತ್ತು. ನಾನು ಅಪ್ಪನಿಗೆ ನೀರು ಒಯ್ಯುತ್ತಿದ್ದೆ. ಉಳಿದವರ ತುಂಡುಗಳು ದಿನದಿನಕ್ಕೆ ಮುಗಿಯುತ್ತ ಬಂದವು, ನಮ್ಮದು ಮುಗಿಯುತ್ತಲೇ ಇರಲಿಲ್ಲ. ಗಿರಣಿಯವನು ತನ್ನದನ್ನು ಮುಗಿಸಿ ಸಲಿಕೆ ತೊಳೆಯುತ್ತ ಕೇಳಿದ: “ಏನಯ್ಯಾ, ಮೂಟೆ ಹೊರೋದು ಬಂದ್ಹಾಗೆ ಮಣ್ಣು ಹೊರೋದು ಬರಲ್ವಾ ನಿನಗೆ?” ಅಪ್ಪ ನಕ್ಕ. “ಈ ಮಣ್ಣು ರಾತ್ರಿ ಮರಿ ಹಾಕುತ್ತೆ ಅಂತ ಕಾಣುತ್ತೆ. ಎಷ್ಟು ತೆಗೆದ್ರೂ ಅಷ್ಟೇ ಇರುತ್ತೆ” ಎಂದ.

ಒಂದು ಸಂಜೆ ಸಿಪಾಯಿಗಳು ಊಟಕ್ಕೆ ಹೋದಾಗ ಕೋಲಪ್ಪ ಆಚೆ ಅಂಚಿನ ಮೇಲೆ ನಿಂತಿದ್ದನ್ನು ನಾನು ನೋಡಿದೆ. ತಿರುವಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದ. ಕೋಲನ್ನು ಹೆಗಲಿಂದ ಇಳಿಸಿದ. ಇನ್ನೇನು ನೆಲಕ್ಕಿಡುತ್ತಾನೆ ಎನ್ನುವಷ್ಟರಲ್ಲಿ ಮತ್ತೆ ಹೆಗಲಿಗೇರಿಸಿ ಹೊರಟುಹೋದ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಆಚೆ ಯಾಕೆ ಹೋಗಿದ್ದ?”

“ಗೊತ್ತಿಲ್ಲ.”

“ಕೋಲು ಇಟ್ನಾ?”

“ಇಡೋಕೆ ಹೋದ. ಇಡ್ಲಿಲ್ಲ.”

 ಒಲೆಯ ಮೇಲಿದ್ದ ರೊಟ್ಟಿ ಸೀದುಹೋಯಿತು.

ಮರುದಿನ ಮಧ್ಯಾಹ್ನ ನಾನು ನೀರು ತೆಗೆದುಕೊಂಡು ಹೋದಾಗ ಅಪ್ಪ ಕಂದಕದ ತಳದಲ್ಲಿ, ಇನ್ನೂ ಅಗೆಯದೆ ಉಳಿದಿದ್ದ ಮಣ್ಣಿಗೆ ಒರಗಿ ಕೂತಿದ್ದ. ಸಲಿಕೆ ತೊಡೆಯ ಮೇಲಿತ್ತು. ಮೇಲೆ ನಿಂತಿದ್ದ ಅಧಿಕಾರಿ ಕೂಗಿದ: “ಏ ಸೋಮಾರಿ, ಏಳೋ!” ಅಪ್ಪ ಏಳಲಿಲ್ಲ. ಅವನು ಇಳಿದುಬಂದು ಬೂಟಿನಿಂದ ಕಾಲನ್ನು ತಿವಿದ. ಸಲಿಕೆ ಜಾರಿ ಬಿತ್ತು. ಅಪ್ಪ ಆಗಲೇ ಹೋಗಿಬಿಟ್ಟಿದ್ದ. ಉಪವಾಸವೋ, ಬಿಸಿಲೋ, ಎದೆಯೋ, ಯಾರು ನೋಡಿದರು? ಒಂದು ಗುಟುಕೂ ಕುಡಿಸಲಾಗದ ನೀರನ್ನು ಹಿಡಿದುಕೊಂಡು ನಾನು ಅಲ್ಲೇ ನಿಂತಿದ್ದೆ.

ಅಪ್ಪನಿಗೆ ಗುಂಡಿ ತೆಗೆಯಲು ಕೋಲಪ್ಪ ಬಂದ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಒಂದ್ಸಲ ಅಳೆದಿದ್ದು ಸಾಕು. ಹೋಗಯ್ಯಾ” ಎಂದಳು. ಅವನು ಓರೆಯಾಗಿ ಬಂದವನು ಓರೆಯಾಗಿಯೇ ಹೋದ.

ಉಳಿದ ಮಣ್ಣನ್ನು ಬೇರೆಯವರಿಂದ ತೆಗೆಸಬೇಕು ಎನ್ನುವಷ್ಟರಲ್ಲಿ ಸೈನ್ಯಕ್ಕೆ ಎಲ್ಲಿಂದಲೋ ಕರೆ ಬಂತು. ತಂತಿ, ಕಂಬ, ಡೇರೆ, ಎಲ್ಲ ಬಿಟ್ಟು ಹೊರಟುಹೋದರು. ಶತ್ರು ನಮ್ಮ ಕಡೆ ಬರಲೇ ಇಲ್ಲ. ಅವರು ಬಿಟ್ಟದ್ದನ್ನೆಲ್ಲ ಊರು ಹಂಚಿಕೊಂಡಿತು. ಮುಳ್ಳುತಂತಿ ಕೋಳಿಗೂಡಿಗೆ, ಕಂಬ ಬೇಲಿಗೆ, ಕಾಂಕ್ರೀಟು ಚಪ್ಪಡಿ ಬಟ್ಟೆ ಒಗೆಯುವುದಕ್ಕೆ. ಕಂದಕವನ್ನು ಮಾತ್ರ ಯಾರು ಹೊತ್ತುಕೊಂಡು ಹೋಗುತ್ತಾರೆ? ಅದು ಉಳಿಯಿತು, ಅದರ ನಡುವೆ ಅಪ್ಪ ಅಗೆಯದೆ ಬಿಟ್ಟ ಮಣ್ಣಿನ ಗುಡ್ಡೆಯೂ ಉಳಿಯಿತು. ಕಂದಕದ ಆಚೆಯ ಹೊಲಗಳಿಗೆ ಹೋಗಲು ಅದೊಂದೇ ದಾರಿ, ಸೇತುವೆ ಇದ್ದ ಹಾಗೆ. ಊರಿಗೆ ಊರೇ ಅದರ ಮೇಲೆ ಓಡಾಡಿತು. ಯಾರು ಮೊದಲು ಹಾಗೆ ಕರೆದರೋ, ಹೆಸರು ಅಂಟಿಕೊಂಡಿತು: ಸೋಮಾರಿ ದಿಣ್ಣೆ.

“ಎಲ್ಲಿಗೆ ಹೊರಟ್ರಿ?” “ಸೋಮಾರಿ ದಿಣ್ಣೆ ದಾಟಿ ಹುಲ್ಲಿಗೆ.” “ನಮ್ಮ ಕರು ನೋಡಿದ್ರಾ?” “ಸೋಮಾರಿ ದಿಣ್ಣೆ ಹತ್ರ ಇತ್ತು.” ಬಯ್ಯಬೇಕೆಂದು ಯಾರೂ ಹೇಳುತ್ತಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡವನ ಹೆಸರು ಹೋಗಿ ಸೋಮಾರಿ ಎಂಬುದು ನೆಲಕ್ಕೇ ಅಂಟಿತ್ತು. ಅಮ್ಮನಿಗೆ ಜೀವನದಲ್ಲಿ ಒಂದೇ ಆಸೆ ಉಳಿಯಿತು. ನಮ್ಮ ತುಂಡು ಉಳಿದವರದಕ್ಕಿಂತ ದೊಡ್ಡದಿತ್ತು ಎಂದು ಕೋಲಪ್ಪ ಊರ ಮುಂದೆ ಒಪ್ಪಿಕೊಳ್ಳಬೇಕು. ಬೀದಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು. ಅವನದು ಒಂದೇ ಉತ್ತರ: “ತಂಗಿ, ನನ್ನ ಕೋಲು ಸುಳ್ಳು ಹೇಳಿಲ್ಲ.” ಹೇಳುವಾಗ ನೆಲ ನೋಡುತ್ತಿದ್ದ.

ಆ ನೆಲ ನೋಡುವುದೇ ನಮಗೆ ಸಾಕ್ಷಿ. ಯುದ್ಧ ಮುಗಿದ ವರ್ಷವೇ ಅವನ ಮನೆಗೆ ಹೊಸ ಹೆಂಚು ಬಿತ್ತು. ಅಮ್ಮ ಅಂಗಳದಲ್ಲಿ ನಿಂತು ನನಗೆ ತೋರಿಸಿದಳು: “ನೋಡು, ನಿಮ್ಮಪ್ಪನ ಬೆವರು ಅಲ್ಲಿ ಒಣಗ್ತಿದೆ.” ಹೆಂಚು ಸಿಪಾಯಿಗಳ ಕೊಟ್ಟಿಗೆಯದು, ಅರ್ಧ ಊರೇ ಕಿತ್ತುಕೊಂಡು ಬಂದಿತ್ತು ಎಂದು ನನ್ನ ಅಣ್ಣ ಹೇಳಿದ. “ಉಳಿದವರು ಒಡೆದಿದ್ದು ತಂದ್ರು. ಇವನಿಗೆ ಮಾತ್ರ ಇಡೀ ಹೆಂಚು ಹೇಗೆ ಸಿಕ್ತು?” ಎಂದು ಅಮ್ಮ ತಿರುಗಿ ಕೇಳಿದಳು.  

ಊರಿನವರು ಬಾಯಿ ಬಿಟ್ಟು ಏನೂ ಹೇಳದಿದ್ದರೂ ಕೋಲಪ್ಪನನ್ನು ಕರೆಯುವುದನ್ನು ಕಡಿಮೆ ಮಾಡಿದರು. ಕರೆದರೂ ಅವನು ಅಳೆದುಹೋದ ಮೇಲೆ ಹಗ್ಗ ಹಿಡಿದು ಇನ್ನೊಮ್ಮೆ ಅಳೆಯುತ್ತಿದ್ದರು. ಅದು ಅವನಿಗೆ ಗೊತ್ತಾಗುತ್ತಿತ್ತು. ಒಮ್ಮೆ ಯಾರೋ ಮರ ಕೊಯ್ಯಿಸುವಾಗ, “ಕೋಲಪ್ಪನ ದಾರಿ ಗೊತ್ತಲ್ಲ, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ” ಎಂದು ನಕ್ಕರಂತೆ. ಅವನು ಅಲ್ಲೇ ಕೋಲನ್ನು ಮರಕ್ಕೆ ಒರಗಿಸಿ ಮನೆಗೆ ಹೋಗಿಬಿಟ್ಟ. ಸಂಜೆ ಅವನ ಮಗಳು ಹೋಗಿ ಕೋಲು ತಂದಳು. ಹೆಂಡತಿ ತೀರಿಕೊಂಡ ಮೇಲೆ ಅವನು ಬೇಲಿ ಕಟ್ಟುವುದು, ಆಡು ಮೇಯಿಸುವುದು, ಹೀಗೆ ಕಾಲ ಹಾಕಿದ. ಮನೆ ನಡೆಸಿದ್ದು ಮಗಳ ಹೊಲಿಗೆ ಯಂತ್ರ.

ಈ ಮಗಳನ್ನೇ ನಮ್ಮಣ್ಣ ಮದುವೆಯಾಗುತ್ತೇನೆ ಎಂದ.

ಅಮ್ಮ ಆಗ ಕಾಳು ಕೇರುತ್ತಿದ್ದಳು. ಮೊರ ಕೈಯಲ್ಲೇ ನಿಂತಿತು.

“ಯಾರನ್ನ?”

“ಕೇಳಿಸ್ತಲ್ಲ ಅಮ್ಮಾ.”

“ಕೇಳಿಸ್ತು. ಇನ್ನೊಂದ್ಸಲ ಹೇಳೋಕೆ ನಾಚಿಕೆ ಆಗುತ್ತೋ ಇಲ್ವೋ ನೋಡೋಣ ಅಂತ.”

“ಅವಳೇನು ಮಾಡಿದ್ದಾಳೆ?”

“ಏನೂ ಮಾಡಿಲ್ಲ. ಅವರಪ್ಪನೂ ಏನೂ ಮಾಡಿಲ್ಲ. ನಿಮ್ಮಪ್ಪ ತಾನಾಗೇ ಸೋಮಾರಿಯಾಗಿ ಸತ್ತ.” ಅಮ್ಮ ಮೊರವನ್ನು ಜೋರಾಗಿ ಕೊಡವಿದಳು, ಹೊಟ್ಟೆಲ್ಲ ಅಣ್ಣನ ಮುಖದ ಮೇಲೆ ಹಾರಿತು. “ಹೋಗು, ನಿಮ್ಮ ಮಾವನಿಗೆ ಹೇಳು. ನಮಗೆ ದೊಡ್ಡ ತುಂಡು ಕೊಟ್ಟೆ ಅಂತ ಒಪ್ಕೊಳ್ಲಿ. ಆವತ್ತೇ ಮದುವೆ.”

ಅಣ್ಣ ಹೋಗಿ ಬಂದ. ಕೋಲಪ್ಪನ ಉತ್ತರ ಹೀಗಿತ್ತು: ಮಾಡದ್ದನ್ನು ಮಗಳ ಮದುವೆಗಾಗಿ ಒಪ್ಪಿಕೊಳ್ಳುವುದಿಲ್ಲ. ಬೇಕಾದರೆ ತಂಗಿಯೇ ಬಂದು, ತನ್ನದೇ ಹಗ್ಗ ತಂದು ಅಳೆದು ನೋಡಲಿ.

“ನಂದೇ ಹಗ್ಗ ಅಂದ್ನಾ?” ಅಮ್ಮನಿಗೆ ಅದರಲ್ಲೂ ಏನೋ ವಾಸನೆ ಬಡಿಯಿತು. “ಅಷ್ಟು ಧೈರ್ಯವಾಗಿ ಕರೀತಾನೆ ಅಂದ್ರೆ ಕಲ್ಲುಗಳನ್ನ ಜರುಗಿಸಿಟ್ಟಿರ್ತಾನೆ.” ಆ ದಿನವೇ ನನ್ನನ್ನು ಕರೆದುಕೊಂಡು ಕಂದಕಕ್ಕೆ ಹೋಗಿ ಗುರುತಿನ ಕಲ್ಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ಎಲ್ಲವೂ ಮೊಣಕಾಲವರೆಗೆ ಮಣ್ಣಲ್ಲಿ ಹೂತು, ಪಾಚಿ ಹಿಡಿದು ಕೂತಿದ್ದವು. ಆದರೂ ಒಂದಕ್ಕೆ ಕಾಲಿನಿಂದ ಒದ್ದಳು. ಕಾಲಿಗೆ ಪೆಟ್ಟಾಯಿತು, ಅದನ್ನೂ ಕೋಲಪ್ಪನ ಲೆಕ್ಕಕ್ಕೆ ಬರೆದಳು.

ಅಳೆಯುವ ದಿನ ಬೆಳಿಗ್ಗೆ ಐದು ಜನ ಸೇರಿದೆವು. ಅಮ್ಮ, ಅಣ್ಣ, ನಾನು ಒಂದು ಕಡೆ. ಕೋಲಪ್ಪ ಮತ್ತು ಅವನ ಮಗಳು ಇನ್ನೊಂದು ಕಡೆ. ಅವನು ಕೋಲು ತಂದಿರಲಿಲ್ಲ. ಸಾಕ್ಷಿಗೆಂದು ಗಿರಣಿಯವನು ಆಮೇಲೆ ಏದುಸಿರು ಬಿಡುತ್ತ ಬಂದ. ಅಂಗಿಯ ಮೇಲೆಲ್ಲ ಹಿಟ್ಟು.

“ಅಕ್ಕಾ, ಬೇಗ ಮುಗಿಸಿ, ಗಿರಣೀಲಿ ಜನ ಕಾಯ್ತಿದ್ದಾರೆ. ನಾನಿಲ್ಲ ಅಂದ್ರೆ ಅವರೇ ಕಲ್ಲು ತಿರುಗಿಸಿ ಅವರ ಕೈಯನ್ನೇ ಬೀಸ್ಕೋತಾರೆ.”

ಅಮ್ಮನದು ಸರಳವಾದ ಉಪಾಯ. ಗಿರಣಿಯವನ ತುಂಡು ನೆಟ್ಟಗಿತ್ತು. ಅದರ ಕಲ್ಲಿನಿಂದ ಕಲ್ಲಿಗೆ ಹಗ್ಗ ಎಳೆದು, ಎರಡೂ ಕಡೆ ಗಂಟು ಹಾಕಿದಳು. ಅದೇ ಹಗ್ಗವನ್ನು ನಮ್ಮ ತುಂಡಿನ ಕಲ್ಲಿಗಿಟ್ಟು, ಊರ ಕಡೆಯ ಅಂಚಿನಲ್ಲಿ ತಿರುವಿನ ಜೊತೆಯೇ ಬಗ್ಗಿಸುತ್ತ ಹೋದೆವು. ದಿಣ್ಣೆಯನ್ನೂ ದಾಟಿತು. ಗಂಟು ಸರಿಯಾಗಿ ಕೊನೆಯ ಕಲ್ಲಿನ ತಲೆಯ ಮೇಲೆ ಕೂತಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ಅಮ್ಮ ಹಗ್ಗವನ್ನು ಇನ್ನೊಮ್ಮೆ ಎಳೆಸಿದಳು. ಅಣ್ಣ ಸಡಿಲ ಹಿಡಿದಿದ್ದಾನೆ ಎಂದು ಅವನ ಕೈಯಿಂದ ಕಿತ್ತು ನನಗೆ ಕೊಟ್ಟಳು. ಗಂಟು ಮತ್ತೆ ಅಲ್ಲೇ ಕೂತಿತು.

“ಆಯ್ತಲ್ಲ ಅಕ್ಕಾ,” ಎಂದ ಗಿರಣಿಯವನು, ಸ್ವಲ್ಪ ಮೆಲ್ಲಗೆ. “ನಂದೆಷ್ಟೋ ನಿಮ್ಮದೂ ಅಷ್ಟೇ.”

ಅಮ್ಮನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಅವಳು ಆತುಕೊಂಡು ನಿಂತಿದ್ದ ಗೋಡೆಯನ್ನು ಯಾರೋ ಸದ್ದಿಲ್ಲದೆ ತೆಗೆದುಬಿಟ್ಟಿದ್ದರು. ಗೆದ್ದ ಕೋಲಪ್ಪ ಹಿಗ್ಗಬೇಕಿತ್ತಲ್ಲ? ಹಿಗ್ಗಲಿಲ್ಲ. ಹಗ್ಗದ ಕಡೆ ನೋಡದೆ ಆಚೆ ಅಂಚಿನ ಕಡೆ ನೋಡುತ್ತ ನಿಂತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ತಾನಾಗಿ ಆ ತಗ್ಗಿದ ಎಡಹೆಗಲಿಗೆ ಹೋಯಿತು.  ಆ ನಿಲುವನ್ನು ನಾನು ಹಿಂದೆಯೂ ನೋಡಿದ್ದೆ.

ಆಗ ಅವನ ಮಗಳು ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು.

“ಅತ್ತೆ, ಇದನ್ನ ಆಚೆ ಅಂಚಿಗೂ ಹಿಡಿಯೋಣ.”

“ಯಾಕೆ?” ಎಂದಳು ಅಮ್ಮ. ಅತ್ತೆ ಎಂದು ಕರೆದದ್ದಕ್ಕೋ, ಹಗ್ಗ ಕಿತ್ತುಕೊಂಡದ್ದಕ್ಕೋ, ಹುಬ್ಬು ಗಂಟಾಗಿತ್ತು.

“ಕುತ್ತಿಗೆಗೆ ಪಟ್ಟಿ ಹೊಲಿಯುವಾಗ ಒಳಗಡೆ ಅಂಚಿಗೆ ಅಳೆದು ಬಟ್ಟೆ ಕತ್ತರಿಸಿದ್ರೆ ಹೊರಗಡೆಗೆ ಸಾಲೋದೇ ಇಲ್ಲ. ಇದೂ ತಿರುವೇ ತಾನೆ? ಅಗೆದಿದ್ದು ಬರೀ ಈ ಅಂಚನ್ನಲ್ಲ, ಎರಡು ಅಂಚಿನ ನಡುವೆ ಇರೋದನ್ನೆಲ್ಲ.”

“ಏ ಹುಡುಗಿ,” ಎಂದ ಕೋಲಪ್ಪ. ಅಷ್ಟೇ. 

ಅವಳು ನಿಲ್ಲಲಿಲ್ಲ. ನಮ್ಮ ತುಂಡು ಶುರುವಾಗುವ ಕಲ್ಲಿಗೆ ಎದುರಾಗಿ ಆಚೆ ಅಂಚಿನಲ್ಲಿ ಅಣ್ಣನನ್ನು ನಿಲ್ಲಿಸಿ, ಗಂಟನ್ನು ಅವನ ಕಾಲಬೆರಳಿಗೆ ಸಿಕ್ಕಿಸಿ, ಹಗ್ಗ ಬಿಡುತ್ತ ನಡೆದಳು. ಆಚೆ ಅಂಚು ಗುಡ್ಡವನ್ನು ದೂರದಿಂದ ಬಳಸಿಕೊಂಡು ಹೋಗುತ್ತದೆ. ಹಗ್ಗ ತಿರುವು ಮುಗಿಸುವುದಕ್ಕೇ ಒದ್ದಾಡಿತು. ಅದು ಮುಗಿದಲ್ಲಿ ಅವಳು ನಿಂತು, ಕೈಯೆತ್ತಿ ಗಂಟು ತೋರಿಸಿದಳು. ದಿಣ್ಣೆ ಅಲ್ಲಿಂದ ಇನ್ನೂ ಮುಂದಿತ್ತು.

ಅಪ್ಪ ಒರಗಿ ಕೂತಿದ್ದ ಜಾಗ ಅವಳಿಗಿಂತ ಮುಂದೆ. ಎಂದರೆ ಆಚೆ ಅಂಚಿನ ಲೆಕ್ಕದಲ್ಲಿ ಅಪ್ಪ ತನ್ನ ಪಾಲನ್ನು ಮುಗಿಸಿ, ಪಾಲಿಗಿಲ್ಲದ ಮಣ್ಣನ್ನು ಅಗೆಯುತ್ತ ಸತ್ತಿದ್ದ.

ಗಿರಣಿಯವನು ತಲೆ ಕೆರೆದುಕೊಂಡ, ಕೂದಲಿಂದ ಹಿಟ್ಟುದುರಿತು. “ಇಲ್ಲಿ ಹಿಡಿದ್ರೆ ದಿಣ್ಣೆಯಾಚೆ, ಅಲ್ಲಿ ಹಿಡಿದ್ರೆ ದಿಣ್ಣೆಗಿಂತ ಈಚೆ. ಕಂದಕದ ನಡುಮಧ್ಯೆ ಹಿಡಿದ್ರೆ ಒಂದು ಮೊಳ ಬಾಕಿ ಬರಬಹುದೇನೋ ಅಕ್ಕಾ. ನ್ಯಾಯ ಅಂದ್ರೆ ನ್ಯಾಯ.”

“ಆ ಒಂದು ಮೊಳ ನಾನೇ ಅಗೀತೀನಿ, ನೀನು ಹಿಟ್ಟು ಕೊಡವ್ಕೋ,” ಎಂದು ಅಮ್ಮ ಅವನ ಬಾಯಿ ಮುಚ್ಚಿಸಿದಳು. ಕಣ್ಣು ಮಾತ್ರ ಕೋಲಪ್ಪನ ಮೇಲೆಯೇ ಇತ್ತು. “ಏನಯ್ಯಾ. ನನ್ನ ಮಗಳು ಆವತ್ತು ನಿನ್ನನ್ನ ಆಚೆ ಅಂಚಲ್ಲಿ ನೋಡಿದ್ಲು. ಕೋಲು ಇಳಿಸಿದೆಯಂತೆ, ಇಡ್ಲಿಲ್ಲವಂತೆ. ಯಾಕೆ?”

ಅವನು ಆಚೆ ಅಂಚಿನಿಂದ ಕಣ್ಣು ಕಿತ್ತು ನೆಲ ನೋಡಿದ. 

“ತಿರುವಲ್ಲಿ ಮಣ್ಣು ಜಾಸ್ತಿ ಬೀಳ್ತಿದೆ ಅನ್ನಿಸ್ತು, ತಂಗಿ. ಮೂಟೆ ಹೊರೋನು ಅವನು, ಅವನ ಕೈಲಿ ಮುಗೀತಿಲ್ಲ ಅಂದ್ರೆ ನನ್ನದೇ ಏನೋ ತಪ್ಪಿದೆ ಅಂತ ಅನುಮಾನ ಬಂತು. ಅದಕ್ಕೇ ಆಚೆ ಹೋದೆ.”

“ಮತ್ತೆ?”

“ಕೋಲು ಇಟ್ರೆ ಗೊತ್ತಾಗಿಬಿಡ್ತಿತ್ತು. ಗೊತ್ತಾದ್ರೆ ಎಲ್ಲ ಗೂಟ ಕಿತ್ತು ಮತ್ತೆ ಹೊಡೀಬೇಕು, ತಪ್ಪು ಅಳೆದೆ ಅಂತ ಆ ಅಧಿಕಾರಿ ಮುಂದೆ ಬಾಯಿ ಬಿಡಬೇಕು. ಹೆದರಿಕೆ ಆಯ್ತು. ಅದಕ್ಕೇ ಇಡ್ಲಿಲ್ಲ.”

“ಇಷ್ಟು ವರ್ಷ ನನ್ನ ಮುಂದೆ, ಕೋಲು ಸುಳ್ಳು ಹೇಳಿಲ್ಲ, ಕೋಲು ಸುಳ್ಳು ಹೇಳಿಲ್ಲ…”

“ಅದು ಹೇಳಿಲ್ಲ. ನಾನು ಕೇಳ್ಲಿಲ್ಲ, ಅದು ಹೇಳ್ಲಿಲ್ಲ. ಇಟ್ಟು ನೋಡದೇ ಇದ್ರೆ ಸುಳ್ಳು ಹೇಳಿದ್ಹಾಗಲ್ಲ ಅಂದ್ಕೊಂಡಿದ್ದೆ.”

ಅಮ್ಮ ಅವನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿಲ್ಲ. ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಕೇಳಿದಳು: “ಇದನ್ನ ನನಗೆ ಹೇಳಿ ಏನು ಬಂತು? ನನಗೆ ಮೊದಲೇ ಗೊತ್ತಿತ್ತು. ಗಿರಣೀಲಿ ಜನ ಕೂತಿದ್ದಾರಂತೆ. ನಡಿ.”

ಗಿರಣಿಯಲ್ಲಿ ಮೂಟೆಗಳ ಮೇಲೆ ಕೂತು ಜನ ಗೊಣಗುತ್ತಿದ್ದರು. ಗಿರಣಿಯವನನ್ನು ನೋಡಿ ಬೈಯಲು ಬಾಯಿ ತೆರೆದವರು, ಹಿಂದೆ ಬಂದ ಮೆರವಣಿಗೆ ನೋಡಿ ಮುಚ್ಚಿದರು. ಕೋಲಪ್ಪ ಅಷ್ಟು ಅಗಲದ ಬಾಗಿಲಿನಲ್ಲೂ ಓರೆಯಾಗಿ ಒಳಗೆ ಬಂದು ನಿಂತ. ಅಪ್ಪ ಮೂಟೆ ಇಳಿಸುತ್ತಿದ್ದ ಕಟ್ಟೆಯ ಪಕ್ಕದಲ್ಲಿ. ಅಮ್ಮ ಬಾಗಿಲಿಗೆ ಅಡ್ಡಲಾಗಿ ನಿಂತಳು, ಎಲ್ಲಿ ಓಡಿಹೋಗುತ್ತಾನೋ ಎಂಬಂತೆ.

“ಯುದ್ಧದ ಕಾಲದಲ್ಲಿ ನಾನು ಅಳೆದ ಕಂದಕ ಇದೆಯಲ್ಲ,” ಎಂದ.  “ತಿರುವಲ್ಲಿ ನಾನು ಒಂದೇ ಅಂಚಿಗೆ ಅಳೆದೆ. ಈ ತಂಗಿ ಮನೆಯವನಿಗೆ ನಿಮ್ಮೆಲ್ಲರಿಗಿಂತ ಜಾಸ್ತಿ ಮಣ್ಣು ಬಿತ್ತು. ಅನುಮಾನ ಬಂದ್ರೂ ನಾನು ಬಾಯಿ ಬಿಡ್ಲಿಲ್ಲ. ಅವನು ಸೋಮಾರಿ ಅಲ್ಲ.”

 ಯಂತ್ರ ನಿಂತಿತ್ತು, ಹಿಟ್ಟಿನ ಧೂಳು ಮಾತ್ರ ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಕೊನೆಗೆ ಮೂಲೆಯಿಂದ ಒಬ್ಬ ಮುದುಕ ಕೇಳಿದ, ಕುಚೋದ್ಯಕ್ಕೋ, ನಿಜವಾಗಿಯೋ ತಿಳಿಯದು: “ಹಾಗಾದ್ರೆ ಆ ದಿಣ್ಣೆ ಯಾರ ಪಾಲಿಂದು?”

“ನಂದು,” ಎಂದ ಕೋಲಪ್ಪ. “ಆ ದಿಣ್ಣೆ ನಂದು.”

ಅಮ್ಮ ಬಾಗಿಲು ಬಿಟ್ಟಳು.

ಮನೆಗೆ ಬಂದ ಮೇಲೆ ಅಮ್ಮ ನೇರ ಒಳಗೆ ಹೋದಳು. ಅಣ್ಣ ಅಂಗಳದಲ್ಲಿ ಇಲ್ಲದ ಕೆಲಸ ಹುಡುಕುತ್ತ ಅಡ್ಡಾಡುತ್ತಿದ್ದ. ಕೊನೆಗೆ ಒಳಗಿನಿಂದಲೇ ಹೇಳಿದಳು: “ಮಾತು ಕೊಟ್ಟಿದ್ದೀನಿ, ತಪ್ಪಲ್ಲ. ಕರ್ಕೊಂಡು ಬಾ ಅವಳನ್ನ. ಆದ್ರೆ ಒಂದು ನೆನಪಿಟ್ಕೋ. ಹೆತ್ತಪ್ಪನ್ನೇ ಬಿಟ್ಟುಕೊಟ್ಟ ಹುಡುಗಿ ಅದು. ನಾಳೆ ನಮ್ಮನ್ನ ಬಿಡ್ತಾಳಾ?”

ಮದುವೆಯಾಯಿತು. ಅತ್ತಿಗೆ ಯಾರನ್ನೂ ಬಿಟ್ಟುಕೊಡಲಿಲ್ಲ. ಅಮ್ಮನ ಕೊನೆಯ ಕಾಲದಲ್ಲಿ ಮೈ ಒರೆಸಿ, ಬಟ್ಟೆ ಬದಲಿಸಿ ನೋಡಿಕೊಂಡವಳು ಅವಳೇ. ಆದರೂ ನನಗೊಂದು ಸಂಶಯ ಇವತ್ತಿಗೂ ಹೋಗಿಲ್ಲ. ಆ ದಿನ ಹಗ್ಗ ಎಲ್ಲಿ ಮುಗಿಯುತ್ತದೆ ಎಂದು ಅಣ್ಣ ಅತ್ತಿಗೆ ಇಬ್ಬರಿಗೂ ಮೊದಲೇ ಗೊತ್ತಿತ್ತೇ? ಅಣ್ಣ ಅಷ್ಟು ಬೇಗ ಹೋಗಿ ಆಚೆ ಅಂಚಿನ ಸರಿಯಾದ ಜಾಗದಲ್ಲೇ ಹೇಗೆ ನಿಂತ? ಗಂಡ ಸತ್ತ ಮೇಲೆ ನಾನು ತವರಿಗೆ ಹತ್ತಿರವಾಗಿ ಬಂದು ನೆಲೆಸಿದಾಗಿನಿಂದ ಎಷ್ಟೋ ಸಲ ಕೇಳಿದ್ದೇನೆ. ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ, “ನಿಮ್ಮಣ್ಣನ್ನ ಕೇಳು” ಎನ್ನುತ್ತಾಳೆ. ಅಣ್ಣನನ್ನು ಕೇಳಿದರೆ, “ಅವಳನ್ನ ಕೇಳು” ಎನ್ನುತ್ತಾನೆ. ಹೊಂದಿಕೊಂಡ ಗಂಡಹೆಂಡಿರನ್ನು ನಂಬಲೇಬಾರದು.

ಕೋಲಪ್ಪ ಆಮೇಲೆ ಎಷ್ಟೋ ವರ್ಷ ಬದುಕಿದ್ದ. ಕೆಲವರು ಮತ್ತೆ ಅವನನ್ನು ಅಳತೆಗೆ ಕರೆದರು. ಈಗ ಅವನು ಎಲ್ಲವನ್ನೂ ಎರಡೆರಡು ಅಂಚಿಗೆ ಅಳೆಯುತ್ತಿದ್ದ, ನೆಟ್ಟಗಿನ ಹಲಗೆಯನ್ನು ಕೂಡ. ಸಂಜೆ ಆಡುಗಳನ್ನು ಹೊಡೆದುಕೊಂಡು ಬಂದು ನಮ್ಮ ಜಗುಲಿಯಲ್ಲಿ ಕೂರುವ ರೂಢಿ ಮಾಡಿಕೊಂಡ. ಅಮ್ಮ ಕುಡಿಯಲು ಏನಾದರೂ ಕೊಡುತ್ತಿದ್ದಳು, ಮಾತು ಮಾತ್ರ ಅಳೆದು ಕೊಡುತ್ತಿದ್ದಳು.

ಊರಿನ ಬಾಯಿ ಬದಲಾಯಿತೇ ಎಂದರೆ, ಎಲ್ಲಿ? ಅರ್ಧ ಜನ ಸೋಮಾರಿ ದಿಣ್ಣೆ ಎಂದೇ ಹೇಳುತ್ತಿದ್ದರು, ಅರ್ಧ ಜನ ಕೋಲಪ್ಪನ ದಿಣ್ಣೆ. ಒಮ್ಮೆ ಯಾರೋ ಹೊಸಬ ಜಗುಲಿಯ ಮುಂದೆ ನಿಂತು ಕೇಳಿದ: “ಹೊಳೆ ಕಡೆ ಹೊಲಗಳಿಗೆ ಹೇಗೆ ಹೋಗೋದು? ಅದೇನೋ ಸೋಮಾರಿ ದಿಣ್ಣೆ ಅಂತ ಇದೆಯಂತಲ್ಲ?”

“ಹಾಗೆ ಯಾವುದೂ ಇಲ್ಲ,” ಎಂದ ಕೋಲಪ್ಪ. “ನೆಟ್ಟಗೆ ಹೋಗಿ, ನನ್ನ ದಿಣ್ಣೆ ಸಿಗುತ್ತೆ. ಅದನ್ನ ದಾಟಿ. ಅದು ನಾನು ತಪ್ಪು ಅಳೆದಿದ್ದಕ್ಕೆ ಉಳಿದಿದ್ದು.”

ಅಮ್ಮ ಒಳಗೆ ಕಿಟಕಿಯ ಸರಳಿಗೆ ಕಿವಿ ಹಚ್ಚಿ ನಿಂತಿದ್ದಳು. ನಾನು ನಕ್ಕೆ. ಬಾಯಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು. ಪೂರ್ತಿ ಹೇಳುತ್ತಾನೋ ಇಲ್ಲವೋ ಎಂದು ಅವಳಿಗೆ ಆಗಲೂ ನಂಬಿಕೆಯಿರಲಿಲ್ಲ.